ದಾರ ಸಡಿಲವಾದಾಗ

ಗಾಳ ಹಾಕಿ ಮೀನು ಹಿಡಿಯುವುದು ಗಂಡಸರ ಕೆಲಸ, ಅದೂ ಕೆಲಸವಿಲ್ಲದ ಗಂಡಸರ ಕೆಲಸ ಎಂದು ನೀವೂ ಅಂದುಕೊಂಡಿದ್ದೀರಾ? ನಾನೂ ಬಹಳ ವರ್ಷ ಹಾಗೆಯೇ ಹೇಳಿಕೊಂಡು ಬಂದೆ. ಹೇಳಿದ್ದು ಬಾಯಿಮಾತಿಗೆ. ನನ್ನ ಬಲಗೈ ತೋರುಬೆರಳಿಗೆ ಮಾತ್ರ ಬೇರೆಯೇ ನೆನಪಿತ್ತು. ಆ ಬೆರಳಿನ ಕಥೆಯನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ. ಮೀನು ಮುಟ್ಟದ ಮನೆಯ ಸೋದರಿಯರು ಮೂಗು ಮುರಿಯಬೇಡಿ. ಇದರಲ್ಲಿ ನಿಮಗೂ ಬೇಕಾದ ಒಂದು ಮಾತಿದೆ.

ನನ್ನ ತವರು ಕೊರಟಗೆರೆ ತಾಲ್ಲೂಕಿನ ಒಂದು ಚಿಕ್ಕ ಹಳ್ಳಿ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನಮ್ಮ ಸೀಮೆಯಲ್ಲಿ ಹರಿದು, ಮಧುಗಿರಿ ತಾಲ್ಲೂಕನ್ನು ದಾಟಿ ಉತ್ತರ ಪಿನಾಕಿನಿಯನ್ನು ಸೇರುತ್ತಾಳೆ. ಹರಿಯುತ್ತಾಳೆ ಎಂದೆನಲ್ಲ, ಅದು ಮಳೆ ಬಂದ ವರ್ಷದ ಮಾತು. ಉಳಿದ ವರ್ಷಗಳಲ್ಲಿ ಅಲ್ಲಿರುವುದು ಮರಳು ಮಾತ್ರ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಕೆರೆಗೆ ನೀರು ಬಂದರೆ ಅದೇ ಹಬ್ಬ. ನೀರು ಬಂದ ಮೇಲೆ ಮೀನು, ಮೀನು ಬಂದ ಮೇಲೆ ಗಾಳ.

ನಮ್ಮಪ್ಪ ಬೇಸಾಯಗಾರ. ಹೊಲದ ಕೆಲಸ ಮುಗಿದ ಸಂಜೆ ಬಿದಿರು ಕಡ್ಡಿಯೊಂದನ್ನು ಹೆಗಲಿಗೇರಿಸಿ ಕೆರೆ ಏರಿಗೆ ಹೋಗುತ್ತಿದ್ದರು. ಬಚ್ಚಲ ನೀರು ಹರಿಯುವ ಒದ್ದೆ ಮಣ್ಣಿನಲ್ಲಿ ಎರೆಹುಳು ಕೆದಕಿ ತೆಂಗಿನ ಚಿಪ್ಪಿಗೆ ತುಂಬಿಕೊಡುವುದು ನನ್ನ ಕೆಲಸ. ಆ ಲಂಚಕ್ಕೆ ನನ್ನನ್ನೂ ಜೊತೆಗೆ ಕರೆದೊಯ್ಯುತ್ತಿದ್ದರು. ನನಗಾಗ ಒಂಬತ್ತೋ ಹತ್ತೋ ವರ್ಷ. ಎಲ್ಲರೂ ದಾರಕ್ಕೆ ಬೆಂಡು ಕಟ್ಟಿ, ಅದು ಮುಳುಗುವುದನ್ನೇ ಕಾಯುತ್ತಾರೆ. ಅಪ್ಪ ಸ್ವಲ್ಪ ದಿನ ಜೋಳದ ದಂಟಿನ ಬೆಂಡು ಕಟ್ಟಿಕೊಟ್ಟು, ಒಂದು ಸಂಜೆ ಅದನ್ನು ಕಿತ್ತುಹಾಕಿದರು.

"ಇನ್ಮೇಲೆ ಕಣ್ಣಲ್ಲಿ ನೋಡ್ಬ್ಯಾಡ ಮಗಾ, ಬೆರಳಲ್ಲಿ ನೋಡು" ಅಂದರು. ದಾರವನ್ನು ನನ್ನ ತೋರುಬೆರಳಿನ ಮೇಲೆ ಹಾಯಿಸಿ, ಬಿಗಿಯಾಗಿ ಅಲ್ಲ, ಜೋಲಾಡುವ ಹಾಗೂ ಅಲ್ಲ, ಬರೀ ತಾಗುವಷ್ಟು ಇಟ್ಟರು.

ಸೇದುವ ಬಾವಿಯ ಕಾಲದ ಹೆಂಗಸರಿಗೆ ಇದು ಬೇಗ ಅರ್ಥವಾಗುತ್ತದೆ. ಕೊಡ ನೀರಿಗೆ ತಾಗಿತೇ, ಓರೆಯಾಯಿತೇ, ತುಂಬಿತೇ ಎಂದು ನಾವು ಬಗ್ಗಿ ನೋಡುತ್ತಿದ್ದೆವೇ? ಹಗ್ಗವೇ ಹೇಳುತ್ತಿತ್ತು. ಮಜ್ಜಿಗೆ ಕಡೆಯುವಾಗ ಬೆಣ್ಣೆ ಬಂದದ್ದೂ ಕಡೆಗೋಲು ಹಿಡಿದ ಕೈಗೇ ಮೊದಲು ಗೊತ್ತಾಗುವುದು. ಗಾಳದ ದಾರವೂ ಹಾಗೆಯೇ ಮಾತಾಡುತ್ತದೆ, ಆದರೆ ಪಿಸುಮಾತಿನಲ್ಲಿ.

ಮೀನಿಗೆ ನಮ್ಮ ಹಾಗೆ ಕೈಯಿಲ್ಲ. ಬಾಯಿ ತೆರೆದರೆ ನೀರು ಒಳಗೆ ನುಗ್ಗುತ್ತದೆ, ನೀರಿನ ಜೊತೆ ತಿಂಡಿಯೂ ಹೋಗುತ್ತದೆ. ಹಿಡಿಸದಿದ್ದರೆ ಅಷ್ಟೇ ಬೇಗ ಉಗುಳಿಬಿಡುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಜಿಲೇಬಿ ಮೀನು ಮುಟ್ಟಿದರೆ ಕೋಳಿಮರಿ ಅಂಗೈಯಲ್ಲಿ ಕಾಳು ಕುಕ್ಕಿದ ಹಾಗೆ ಟಕ್ ಟಕ್ ಅನ್ನುತ್ತದೆ. ರೋಹು ಅಷ್ಟು ಅವಸರದ್ದಲ್ಲ, ಒದ್ದೆ ಬಟ್ಟೆಯ ಅಂಚನ್ನು ಯಾರೋ ಮೆಲ್ಲಗೆ ಹಿಡಿದ ಹಾಗೆ ಒಂದು ಭಾರ ಬರುತ್ತದೆ. ಮೂರನೆಯ ಬಗೆಯೊಂದಿದೆ. ಅದನ್ನು ಅಪ್ಪ ಹೇಳಿದ ಮಾತಿನಲ್ಲೇ ಹೇಳುತ್ತೇನೆ.

"ಎಳೆದ್ರೆ ಮಾತ್ರ ಮೀನು ಅನ್ಕೋಬ್ಯಾಡ. ಇದ್ದ ಭಾರ ಇಲ್ದಂಗಾದ್ರೂ ಮೀನೇ. ತಿಂಡಿ ಬಾಯಾಗಿಟ್ಕಂಡು ನಿನ್ ಕಡೀಕೇ ಬತ್ತಾ ಇರ್ತದೆ. ಆವಾಗ ದಾರ ಸಡ್ಲ ಆಯ್ತದೆ. ದಡ್ಡರು ಏನೂ ಇಲ್ಲ ಅಂತ ಸುಮ್ಕಾಯ್ತಾರೆ."

"ಇಲ್ಲದೆ ಹೋದ್ರೆ ಅಪ್ಪಾ?" ಎಂದು ಕೇಳಿದ್ದೆ.

"ಅನುಮಾನ ಬಂದ್ರೆ ಎತ್ತು. ಎತ್ತಿದ್ರೆ ಹೋಗೋದೇನು? ಒಂದು ಎರೆಹುಳ."

ಇಷ್ಟು ಕಲಿತದ್ದು. ಮುಂದೆ ಮದುವೆಯಾಗಿ ಮಧುಗಿರಿಗೆ ಬಂದೆ. ಬೆಟ್ಟದ ನೆರಳಿನ ಊರು, ಬಜಾರಿನ ಹತ್ತಿರದ ಮನೆ, ಕಟ್ಟುನಿಟ್ಟಿನ ಅತ್ತೆಯವರು. "ಹೆಂಗಸರು ಗಾಳ ಹಿಡಿಯೋದಾ?" ಎಂದು ಅವರು ಒಮ್ಮೆ ನಕ್ಕದ್ದೇ ಸಾಕಾಯಿತು. ನಾನು ಆ ಮಾತು ಮತ್ತೆ ಎತ್ತಲಿಲ್ಲ. ಅಕ್ಕನನ್ನು ಶಿರಾ ತಾಲ್ಲೂಕಿನ ಕಳ್ಳಂಬೆಳ್ಳದ ಕಡೆ ಕೊಟ್ಟಿತ್ತು. ಅಲ್ಲಿನ ದೊಡ್ಡ ಕೆರೆ ತುಂಬಿದಾಗ ಭಾವನವರು ಗಾಳಕ್ಕೆ ಕಪ್ಪೆಮರಿ ಚುಚ್ಚಿ, ಜೊಂಡಿನ ಪಕ್ಕದಲ್ಲಿ ಕೊರವ ಮೀನು ಹಿಡಿಯುತ್ತಿದ್ದರು. ನಾನು ಏರಿಯ ಮೇಲೆ ಮಕ್ಕಳನ್ನು ಆಡಿಸುತ್ತಾ ದೂರದಿಂದ ನೋಡುತ್ತಿದ್ದೆ. ಬೆರಳು ತುರಿಸುತ್ತಿತ್ತು. ಅಷ್ಟೇ.

ಇನ್ನು 2022ಕ್ಕೆ ಬರೋಣ. ಆ ವರ್ಷದ ಮಳೆ ನಿಮಗೆ ನೆನಪಿರಬೇಕು. ಜಯಮಂಗಲಿ ತುಂಬಿ ಹರಿದಳು. ನಮ್ಮ ತವರಿನ ಕೆರೆಯೂ ತುಂಬಿ ಕೋಡಿ ಬಿತ್ತು. ದೀಪಾವಳಿಗೆ ತಮ್ಮ ಕರೆದ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನೂ ಬಂದ. ಬಾರದೆ ಉಳಿದವಳು ಮಗಳು ಒಬ್ಬಳೇ. ಅವಳನ್ನು ಪಾವಗಡ ತಾಲ್ಲೂಕಿನ ಒಂದು ಹಳ್ಳಿಗೆ ಕೊಟ್ಟಿದ್ದೇವೆ. "ಕಡ್ಲೆಕಾಯಿ ಕೆಲಸ ಐತಮ್ಮ, ಆಮೇಲೆ ಬತ್ತೀನಿ" ಎಂದು ಫೋನಿನಲ್ಲಿ ಹೇಳಿದಳು. ನಾನೂ ಹೂಂ ಅಂದೆ.

ಹಬ್ಬ ಮುಗಿದ ಭಾನುವಾರ ಮಗ ಕಾರಿನಿಂದ ಒಂದು ಉದ್ದನೆಯ ಚೀಲ ತೆಗೆದ. ಒಳಗೆ ತೆಳ್ಳನೆಯ ಕರಿಯ ಕೋಲು, ರೀಲು, ಒಂದು ಡಬ್ಬಿಯಲ್ಲಿ ಬಣ್ಣಬಣ್ಣದ ಹುಳುಗಳು! ಮುಟ್ಟಿದರೆ ಮೆತ್ತಗೆ, ಹಿಡಿದು ಅಲ್ಲಾಡಿಸಿದರೆ ಬಾಲ ನುಲಿಯುತ್ತದೆ. ರಬ್ಬರ್ ಕಪ್ಪೆಯೂ ಇತ್ತು, ಭಾವನವರ ಕಪ್ಪೆಮರಿಗೆ ತಮ್ಮನಂತೆ. ಎಲ್ಲರೂ ರಬ್ಬರ್ ಎನ್ನುತ್ತಾರೆ, ನಿಜವಾಗಿ ಈ ಹುಳುಗಳು ಮೆತ್ತನೆಯ ಪ್ಲಾಸ್ಟಿಕ್ಕಿನವು. ಮೊದಲು ಇವನ್ನು ಮಾಡಿ ಹೆಸರಾದವರು ಅಮೆರಿಕದ ಓಹಾಯೋ ಪ್ರಾಂತದ ಏಕ್ರನ್ ಊರಿನ ನಿಕ್ ಕ್ರೀಮ್ ಮತ್ತು ಅವರ ಹೆಂಡತಿ ಕಾಸ್ಮಾ, 1949ರಲ್ಲಿ. ಯಾವ ಕಾರ್ಖಾನೆಯಲ್ಲೂ ಅಲ್ಲ, ಸ್ವಂತ ಮನೆಯಲ್ಲಿ, ಪಾಕ ಕಾಯಿಸಿ ಅಚ್ಚಿಗೆ ಹೊಯ್ದು! ಕೇಳಿದಾಗ ನನಗೆ ಆ ಹೆಂಗಸಿನ ಮೇಲೆ ಅಕ್ಕರೆ ಬಂತು. ಒಲೆಯ ಮೇಲೆ ಮೈಸೂರುಪಾಕಿನ ಬದಲು ಹುಳು ಕಾಯಿಸಲು ಎಷ್ಟು ಸಹನೆ ಬೇಕು, ಅಲ್ಲವೇ?

ಕೆರೆಯ ಮೀನು ಗುತ್ತಿಗೆ ಹಿಡಿದವರ ಸ್ವತ್ತು. ತಮ್ಮ ಮೊದಲೇ ಅವರನ್ನು ಕೇಳಿ ಒಪ್ಪಿಗೆ ಪಡೆದಿದ್ದ. ನೀವೂ ಮಕ್ಕಳನ್ನು ಕಳಿಸುವ ಮುಂಚೆ ಕೇಳಿ ಕಳಿಸಿ, ಇಲ್ಲದಿದ್ದರೆ ಜಗಳ ತಪ್ಪಿದ್ದಲ್ಲ.

ಮಗ ಒಂದು ಗಂಟೆ ಎಸೆದ, ಸುತ್ತಿದ, ಮತ್ತೆ ಎಸೆದ. "ಈ ಕೆರೇಲಿ ಮೀನೇ ಇಲ್ಲಮ್ಮ" ಎಂದು ಬೇಸರಪಟ್ಟ. ನಾನು ಏರಿಯ ಕಲ್ಲಿನ ಮೇಲೆ ಕೂತು ಅವನ ದಾರವನ್ನೇ ನೋಡುತ್ತಿದ್ದೆ. ನೀರಿಗೆ ಇಳಿಯುವ ಜಾಗದಲ್ಲಿ ಅದು ಎರಡು ಸಲ ಸರಕ್ಕನೆ ಪಕ್ಕಕ್ಕೆ ಸರಿದಿತ್ತು. ಅವನು ಬೇರೆ ಕಡೆ ನೋಡುತ್ತಿದ್ದ.

"ಮೀನು ಎರಡು ಸಲ ಬಂದು ಹೋಯ್ತು ಕಣೋ. ಇತ್ತ ಕೊಡು" ಅಂದೆ.

ಅವನು ನಕ್ಕ. ತಮ್ಮ ನಗಲಿಲ್ಲ. ಅವನಿಗೆ ಅಪ್ಪನ ಪಾಠ ಗೊತ್ತಿತ್ತು.

ಕೋಲು ಹಿಡಿದು ಸೆರಗು ಸಿಕ್ಕಿಸಿಕೊಂಡೆ. ಎಸೆಯುವುದನ್ನು ಮಗನೇ ಮಾಡಿಕೊಟ್ಟ, ಆ ರೀಲಿನ ಗುಟ್ಟು ನನಗೆ ಬಾರದು. ಹುಳು ಮುಳುಗತೊಡಗಿತು. ಒಂದು, ಎರಡು, ಮೂರು ಎಂದು ಮನಸ್ಸಿನಲ್ಲೇ ಎಣಿಸಿದೆ. ಎಂಟಕ್ಕೆ ತಳ ಮುಟ್ಟಿ ದಾರ ಸ್ವಲ್ಪ ಜೋಲಿತು. ಒಂದೆರಡು ಸಲ ಹೀಗೆ ಎಣಿಸಿದರೆ ಕೆರೆಯ ಆಳ ಬಾಯಿಪಾಠವಾಗುತ್ತದೆ. ಎಂಟಕ್ಕೆ ಮುಟ್ಟಬೇಕಾದದ್ದು ಐದಕ್ಕೇ ನಿಂತರೆ? ನಡುನೀರಿನಲ್ಲಿ ಯಾರೋ ತಡೆದರು ಎಂದೇ ಅರ್ಥ.

ಈ ಹೊಸ ಸಾಮಾನಿನಲ್ಲಿ ಒಂದು ಅನುಕೂಲ ಕಂಡೆ. ನಮ್ಮ ಕಾಲದ ನೈಲಾನ್ ದಾರ ಎಳೆದರೆ ಹಿಗ್ಗುತ್ತಿತ್ತು, ಸಣ್ಣ ಸುದ್ದಿಯನ್ನು ತಾನೇ ನುಂಗಿಬಿಡುತ್ತಿತ್ತು. ಮಗ ತಂದದ್ದು ಜಡೆಯಂತೆ ಹೆಣೆದ ದಾರ, ಅದು ಹಿಗ್ಗುವುದಿಲ್ಲ. ಕೆಳಗೆ ಕಲ್ಲು ತಾಗಿದರೂ ಮೇಲೆ ಬೆರಳಿಗೆ ಗೊತ್ತಾಗುತ್ತದೆ. ಒಂದು ತೊಂದರೆಯೂ ಇದೆ. ಎರೆಹುಳುವಿಗೆ ರುಚಿಯಿದೆ, ಮೀನು ಅದನ್ನು ಬೇಗ ಬಿಡದು, ನಾವು ಸ್ವಲ್ಪ ತಡಮಾಡಿದರೂ ನಡೆಯುತ್ತದೆ. ಪ್ಲಾಸ್ಟಿಕ್ ಹುಳು ಮೆತ್ತಗಿರುವುದರಿಂದ ಮೀನು ಒಂದು ಕ್ಷಣ ಮೋಸಹೋಗುತ್ತದೆ. ಆ ಒಂದು ಕ್ಷಣವೇ ನಮ್ಮದು. ಆಮೇಲೆ ಉಗುಳಿ ಹೋಗುತ್ತದೆ, ನಮಗೆ ಬಂದದ್ದೂ ತಿಳಿಯದು, ಹೋದದ್ದೂ ತಿಳಿಯದು.

ಎರಡನೆಯ ಸಲ ಕಲ್ಲು ತಾಗಿತು. ಕಲ್ಲಿನ ಭಾರ ಸತ್ತ ಭಾರ, ಎತ್ತಿದರೆ ಎತ್ತಿದಷ್ಟೇ. ಮೂರನೆಯ ಸಲ ಜೊಂಡು. ಅದು ನಿಧಾನವಾಗಿ ಬಳುಕಿ ಬಂದು ಕೊನೆಗೆ ಕಿತ್ತುಕೊಳ್ಳುತ್ತದೆ. ನಾಲ್ಕನೆಯ ಸಲ ಹುಳುವನ್ನು ಜೊಂಡಿನ ಅಂಚಿನಲ್ಲಿ ಮೆಲ್ಲಗೆ ಎಳೆದು ನಿಲ್ಲಿಸಿ, ಮತ್ತೆ ಎಳೆದು ನಿಲ್ಲಿಸುತ್ತಿದ್ದೆ. ಅದರ ಸಣ್ಣ ಭಾರ ಬೆರಳಿಗೆ ಒಗ್ಗಿತ್ತು. ಇದ್ದಕ್ಕಿದ್ದಂತೆ ಆ ಭಾರ ಇಲ್ಲವಾಯಿತು. ಟಕ್ ಅನ್ನಲಿಲ್ಲ, ಎಳೆಯಲಿಲ್ಲ, ಏನೂ ಇಲ್ಲ. ದಾರ ನೀರಿನ ಮೇಲೆ ಹಗುರವಾಗಿ ಜೋಲಿತು.

"ಹುಳ ಬಿದ್ದೋಯ್ತೇನೋ ಅಮ್ಮ" ಅಂದ ಮಗ.

ನಾನು ಸಡಿಲ ದಾರವನ್ನು ಎರಡು ಸುತ್ತು ಸುತ್ತಿ ಎತ್ತಿಯೇಬಿಟ್ಟೆ. ಕೋಲು ಬಿಲ್ಲಿನಂತೆ ಬಾಗಿತು! ಕೊರವ! ಜೊಂಡಿಗೆ ನುಗ್ಗಲು ಅದು, ಬಿಡಬಾರದೆಂದು ನಾನು. ಅರವತ್ತು ದಾಟಿದ ಹೆಂಗಸು ಕೆರೆ ಏರಿಯ ಮೇಲೆ ಕಿರುಚಿದ್ದನ್ನು ಊರಿನವರೆಲ್ಲ ಕೇಳಿರಬೇಕು. ಕೊನೆಗೆ ತಮ್ಮ ಮೊಳಕಾಲು ನೀರಿಗಿಳಿದು ಹಿಡಿದು ತಂದ. ಒಂದು ಕಿಲೋ ಮೇಲಿತ್ತು.

ಸುತ್ತ ಮಕ್ಕಳು ಸೇರಿದರು. ಎಲ್ಲರೂ ಶಹಭಾಸ್ ಎನ್ನುತ್ತಿದ್ದರು. ನನಗೆ ಮಾತ್ರ ಕೈ ನಡುಗುತ್ತಿತ್ತು. ಮೀನಿಗಾಗಿ ಅಲ್ಲ, ಸೋದರಿಯರೇ. ದಾರ ಸಡಿಲವಾಯಿತಲ್ಲ, ಆ ಕ್ಷಣದಲ್ಲಿ ನನಗೆ ಮಗಳ ನೆನಪು ಬಂದಿತ್ತು.

ಹೇಗೆಂದು ಹೇಳುತ್ತೇನೆ. ಮದುವೆಯಾದ ಮೊದಲ ವರ್ಷಗಳಲ್ಲಿ ಅವಳು ದಿನಾ ಸಂಜೆ ಫೋನು ಮಾಡಿ ದೂರು ಹೇಳುತ್ತಿದ್ದಳು. ಅತ್ತೆ ಹಾಗಂದರು, ನೀರು ಬರಲಿಲ್ಲ, ಎಮ್ಮೆ ಒದೆಯಿತು, ಇವರು ಸಂತೆಯಿಂದ ಹೂ ತರಲಿಲ್ಲ. ಕೇಳಿ ಕೇಳಿ ನನಗೂ ಸಾಕಾಗುತ್ತಿತ್ತು. ಒಂದು ವರ್ಷದಿಂದೀಚೆಗೆ ದೂರು ನಿಂತಿತ್ತು. "ಹೂನಮ್ಮ, ಚೆನ್ನಾಗಿದೀನಿ. ಊಟ ಆಯ್ತಮ್ಮ." ಅಷ್ಟೇ. ಮಗಳು ಹೊಂದಿಕೊಂಡಳು, ಬುದ್ಧಿ ಬಂತು ಎಂದು ನಾನು ನಮ್ಮ ಯಜಮಾನರ ಹತ್ತಿರ ಹೆಮ್ಮೆಯಿಂದ ಹೇಳಿಕೊಂಡಿದ್ದೆ. ಗೌರಿ ಹಬ್ಬಕ್ಕೆ ಬಂದಾಗ ಕಿವಿಯಲ್ಲಿ ನಾವು ಕೊಟ್ಟ ಓಲೆ ಇರಲಿಲ್ಲ, ಗಿಲೀಟಿನದಿತ್ತು. "ಇದು ಹಗುರ ಅಮ್ಮ" ಅಂದಳು. ಕೇಳಿದ್ದೆ, ನಂಬಿದ್ದೆ. ಅಲ್ಲ, ನಂಬಿದಂತೆ ಇದ್ದೆ. ಅನುಮಾನ ಬಂದಿತ್ತು. ಎತ್ತಲಿಲ್ಲ. ಮಗಳ ಮನೆಯ ವಿಷಯದಲ್ಲಿ ತಲೆ ಹಾಕಬಾರದು ಎನ್ನುವುದು ಒಂದು ನೆಪ. ಕೇಳಿದರೆ ಏನು ಹೊರಬೀಳುವುದೋ ಎಂಬ ಹೆದರಿಕೆಯೇ ನಿಜ.

ಅಂದು ರಾತ್ರಿ ತವರಿನಲ್ಲೇ ಮೀನಿನ ಸಾರು ಮಾಡಿದೆ. ಕೊರವನ ಲೋಳೆ ಬಿಡಿಸಲು ಉಪ್ಪು, ಅರಿಶಿನ ಹಾಕಿ ಚೆನ್ನಾಗಿ ಉಜ್ಜಬೇಕು. ಧನಿಯ, ಮೆಣಸು, ಬೆಳ್ಳುಳ್ಳಿ, ಕಾಯಿ ಅರೆದು, ಹುಣಿಸೆಹುಳಿ ಸ್ವಲ್ಪ ಮುಂದಾಗಿಯೇ ಹಾಕಿ ಕುದಿಸಿ, ಕೊನೆಗೆ ಮೀನಿನ ತುಂಡು ಬಿಡಬೇಕು. ಆಮೇಲೆ ಸೌಟು ಆಡಿಸಕೂಡದು, ಪಾತ್ರೆಯನ್ನೇ ಹಿಡಿದು ತಿರುಗಿಸಬೇಕು, ಇಲ್ಲವಾದರೆ ತುಂಡು ಒಡೆಯುತ್ತದೆ. ಈ ಸಾರು ಅಂದಿಗಿಂತ ಮಾರನೆಯ ದಿನ ಇನ್ನೂ ರುಚಿ. ನನಗೆ ಬೇಕಾದದ್ದೂ ಅದೇ.

ಬೆಳಗ್ಗೆ ಸಾರನ್ನು ಮತ್ತೆ ಚೆನ್ನಾಗಿ ಕುದಿಸಿ, ಸ್ಟೀಲು ಕ್ಯಾರಿಯರಿಗೆ ತುಂಬಿ, ಮಧುಗಿರಿಗೆ ಬಂದು ಪಾವಗಡದ ಬಸ್ಸು ಹತ್ತಿದೆ. ಹೆಂಗಸರಿಗೆ ಬಸ್ಸು ಉಚಿತವಾದದ್ದು 2023ರ ಜೂನ್ ತಿಂಗಳಲ್ಲಿ. ಅಂದು ಟಿಕೆಟ್ಟು ಕೊಂಡೇ ಹೋದೆ. ಮಿಡಿಗೇಶಿ ದಾಟುವಾಗಲೂ ಏನು ಹೇಳಬೇಕೆಂದು ಹೊಳೆದಿರಲಿಲ್ಲ. "ಸಾರು ಕೊಡೋಕೆ ಬಂದೆ" ಎಂದರಾಯಿತು ಎಂದುಕೊಂಡೆ.

ಮಗಳು ಬಾಗಿಲಲ್ಲಿ ನನ್ನನ್ನು ಕಂಡು ನಗಲು ಹೋದಳು. ನಗು ಬರುವುದು ಒಂದು ಕ್ಷಣ ತಡವಾಯಿತು. ನಾನು ಚಪ್ಪಲಿ ಬಿಡುವ ಮೊದಲೇ ಕೇಳಿದೆ: "ಓಲೆ ಎಲ್ಲವ್ವಾ?"

ಅಷ್ಟೇ ಸಾಕಾಯಿತು. ಕಂಬಕ್ಕೆ ಒರಗಿ ಅಳತೊಡಗಿದಳು. ಎರಡು ಕೊಳವೆಬಾವಿ ಕೊರೆಸಿದ್ದರು. ಒಂದರಲ್ಲಿ ಬರೀ ಧೂಳು, ಇನ್ನೊಂದು ಮೂರು ತಿಂಗಳು ಕೊಟ್ಟು ನಿಂತಿತ್ತು. ಮೂರನೆಯದಕ್ಕೆ ಸಾಲ ಸಿಕ್ಕಿರಲಿಲ್ಲ. ಓಲೆ, ಸರ, ಬಳೆ ಎಲ್ಲವೂ ಗಿರವಿಗೆ ಹೋಗಿದ್ದವು. ತಿರುಮಣಿ ಕಡೆ ಸೋಲಾರ್ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟವರಿಗಾದರೂ ವರ್ಷಕ್ಕಿಷ್ಟು ಬರುತ್ತದೆ, ಇವರ ಜಮೀನು ಆ ಸೀಮೆಯಲ್ಲಿಲ್ಲ. ಬಡ್ಡಿ ಬೆಳೆದಿತ್ತು. ಅಳಿಯಂದಿರು ಮಾತು ಬಿಟ್ಟಿದ್ದರು, ರಾತ್ರಿ ಎದ್ದೆದ್ದು ಹೊಲದ ಕಡೆ ಹೋಗಿ ಕೂರುತ್ತಿದ್ದರಂತೆ. ಅವರು ಎದ್ದಾಗಲೆಲ್ಲ ಇವಳೂ ಹಿಂದೆಯೇ ಹೋಗಿ ದೂರದಲ್ಲಿ ಕೂರುತ್ತಿದ್ದಳಂತೆ. ಒಂದು ವರ್ಷ! ಅದೇ ವರ್ಷ ನಾನು, ಮಗಳು ಹೊಂದಿಕೊಂಡಳು ಎಂದು ನೆರೆಹೊರೆಯವರಿಗೆಲ್ಲ ಹೇಳುತ್ತಿದ್ದೆ.

"ಯಾಕವ್ವಾ ಹೇಳಲಿಲ್ಲ?" ಎಂದೆ.

"ಸಣ್ಣದಾಗಿದ್ದಾಗೆಲ್ಲ ಹೇಳ್ತಾನೇ ಇದ್ನಲ್ಲಮ್ಮ. ದೊಡ್ಡದಾದ ಮೇಲೆ ಹೇಳೋಕೆ ಬರ್ಲಿಲ್ಲ."

ಸೋದರಿಯರೇ, ಈ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ.

ಮಧ್ಯಾಹ್ನ ಅಳಿಯಂದಿರು ಹೊಲದಿಂದ ಬಂದರು. ಮುದ್ದೆ, ಮೀನಿನ ಸಾರು ಬಡಿಸಿದೆವು. ನಾನೇ ಹಿಡಿದ ಮೀನು ಎಂದಾಗ ತಲೆಯೆತ್ತಿ ನೋಡಿದರು. "ನೀವಾ ಅತ್ತೆ?" ಎಂದು ಎಷ್ಟೋ ದಿನಕ್ಕೆ ನಕ್ಕರಂತೆ. ಊಟ ಮುಗಿಯುವ ಹೊತ್ತಿಗೆ ಅವರೇ ಮಾತು ತೆಗೆದರು. ನಾನು ಬುದ್ಧಿ ಹೇಳಲು ಹೋಗಲಿಲ್ಲ. ದಾರ ಬೆರಳಿಗೆ ತಾಗುವಷ್ಟು ಹಿಡಿದೆ, ಅಷ್ಟೇ. ಬಿಗಿ ಹಿಡಿದರೆ ಬಿಟ್ಟುಹೋಗುತ್ತದೆ ಎಂದು ಗೊತ್ತಿತ್ತು.

ಎಲ್ಲವೂ ಸರಿಹೋಯಿತು ಎಂದು ಕಥೆ ಮುಗಿಸಿದರೆ ಸುಳ್ಳಾಗುತ್ತದೆ. ಯಜಮಾನರು ಮತ್ತು ಮಗ ಸೇರಿ ಕೆಟ್ಟ ಬಡ್ಡಿಯ ಸಾಲವನ್ನು ಮೊದಲು ತೀರಿಸಿದರು. ಮೂರನೆಯ ಕೊಳವೆಬಾವಿಯ ಯೋಚನೆ ಬಿಟ್ಟು ಅಳಿಯಂದಿರು ಕುರಿ ಸಾಕಿದರು. ಅಳಿಯಂದಿರನ್ನು ಆಸ್ಪತ್ರೆಗೆ ಕರೆದೊಯ್ದು ನಿದ್ದೆಗೂ ಮನಸ್ಸಿಗೂ ಔಷಧಿ ಕೊಡಿಸಿದೆವು. ಅದರಲ್ಲಿ ನಾಚಿಕೆಪಡುವುದೇನೂ ಇಲ್ಲ, ಮಂಡಿನೋವಿಗೆ ನಾವು ಹೋಗುವುದಿಲ್ಲವೇ? ಓಲೆ ಬಿಡಿಸಿಕೊಂಡು ಬಂತು, ಸರ ಇನ್ನೂ ಗಿರವಿಯಲ್ಲೇ ಇದೆ. ಆದರೆ ಮಗಳು ಮತ್ತೆ ದಿನಾ ಸಂಜೆ ಫೋನು ಮಾಡಿ ದೂರು ಹೇಳುತ್ತಾಳೆ. ಕುರಿ ಬೇಲಿ ಹಾರಿತು, ಅತ್ತೆ ಹೀಗಂದರು. ನಾನು ಕಿವಿ ತುಂಬ ಕೇಳುತ್ತೇನೆ. ದಾರದಲ್ಲಿ ಭಾರ ಇದೆ ಎನ್ನುವುದೇ ನೆಮ್ಮದಿ.

ಗಾಳಕ್ಕೂ ನಾನು ಮರಳಿದ್ದೇನೆ. ಕೆರೆಯಲ್ಲಿ ನೀರಿದ್ದು ತವರಿಗೆ ಹೋದಾಗಲೆಲ್ಲ ಮಗನ ಕೋಲು ನನ್ನ ಕೈಯಲ್ಲೇ. ನಿಮ್ಮ ಮನೆಯಲ್ಲೂ ಯಾರಿಗಾದರೂ ಆಸೆಯಿದ್ದರೆ ನನ್ನ ಅನುಭವದ ನಾಲ್ಕು ಮಾತು ಹೇಳಿ. ಏರಿಯ ಮೇಲೆ ದಡದಡ ನಡೆಯಬಾರದು. ಮೀನು ಹೆಚ್ಚುವಾಗ ಅದರ ಪಕ್ಕೆಯಲ್ಲಿ ಉದ್ದಕ್ಕೆ ಒಂದು ಗೆರೆ ನೋಡಿದ್ದೀರಲ್ಲ, ನೀರಿನ ಅಲುಗಾಟವೆಲ್ಲ ಆ ಗೆರೆಗೆ ತಿಳಿಯುತ್ತದೆ. ಗಾಳಿ ಜೋರಾಗಿದ್ದರೆ ದಾರ ಬಿಲ್ಲಿನಂತೆ ಉಬ್ಬಿ ಬೆರಳಿಗೆ ಸುಳ್ಳು ಹೇಳುತ್ತದೆ, ಆಗ ಕೋಲಿನ ತುದಿಯನ್ನು ನೀರಿನ ಹತ್ತಿರಕ್ಕೆ ಇಳಿಸಿ. ಮುಳುಗುವ ಹುಳುವಿಗೆ ಅನುಮಾನ ಬಂದ ಕೂಡಲೇ ಎತ್ತಬೇಕು. ನೀರಿನ ಮೇಲೆ ತೇಲುವ ರಬ್ಬರ್ ಕಪ್ಪೆಗೆ ಹಾಗಲ್ಲ. ಕೊರವ ಛಟ್ಟನೆ ಹೊಡೆದರೂ ಗಾಬರಿಯಾಗದೆ, ಅದು ಕಪ್ಪೆಯನ್ನು ಬಾಯೊಳಗೆ ಎಳೆದುಕೊಂಡು ದಾರದ ಭಾರ ಕೈಗೆ ಬರುವ ತನಕ ಕಾಯಬೇಕು.

ಇನ್ನೆರಡು ಮಾತು. ಕೊರವನ ಮರಿಗಳು ಕೆಂಪಗೆ ಗುಂಪಾಗಿ ನೀರಿನ ಮೇಲೆ ಕುದಿಯುವಂತೆ ಕಾಣುತ್ತವೆ. ಕೆಳಗೆ ದೊಡ್ಡ ಮೀನು ಕಾವಲಿರುತ್ತದೆ. ಆಗ ಅಲ್ಲಿ ಗಾಳ ಹಾಕಬೇಡಿ. ಕಾವಲು ಹೋದರೆ ಮರಿಗಳೆಲ್ಲ ಬೇರೆ ಮೀನುಗಳ ಪಾಲು. ಹರಿದ ಪ್ಲಾಸ್ಟಿಕ್ ಹುಳುಗಳನ್ನು ಕೆರೆಗೆ ಎಸೆಯಬೇಡಿ. ಅವು ಕರಗುವುದಿಲ್ಲ, ಮೀನು ನುಂಗಿದರೆ ಹೊಟ್ಟೆಯಲ್ಲಿ ಹಾಗೆಯೇ ಉಳಿದುಬಿಡಬಹುದು. ನಾನು ಒಂದು ಹಳೆಯ ಡಬ್ಬಿ ಇಟ್ಟುಕೊಂಡು ಮನೆಗೆ ತರುತ್ತೇನೆ.

ನಿಮಗೆ ಗಾಳ ಬೇಡ, ಮೀನೂ ಬೇಡ ಎನ್ನಿ. ಆದರೂ ನಿಮ್ಮ ಕೈಯಲ್ಲಿ ಎಷ್ಟು ದಾರಗಳಿವೆ ನೋಡಿಕೊಳ್ಳಿ. ದೂರದ ಊರಿನ ಮಗಳು, ಹಾಸ್ಟೆಲ್ಲಿನ ಮಗ, ಇದ್ದಕ್ಕಿದ್ದಂತೆ ಜಗಳ ಬಿಟ್ಟ ಓರಗಿತ್ತಿ, ಬೈಯುವುದನ್ನೇ ನಿಲ್ಲಿಸಿದ ಗಂಡ. ಎಳೆತ ಬಂದಾಗ ಎಲ್ಲರಿಗೂ ಗೊತ್ತಾಗುತ್ತದೆ. ಇದ್ದ ಭಾರ ಹಗುರವಾದಾಗ ಮಾತ್ರ, ಸದ್ಯ ಎಲ್ಲಾ ಸರಿಹೋಯಿತು ಎಂದು ನಾವು ಒಲೆಯ ಕಡೆ ತಿರುಗಿಬಿಡುತ್ತೇವೆ. ಹಾಗೆ ತಿರುಗುವ ಮುಂಚೆ ಒಂದು ಸಲ ಎತ್ತಿ ನೋಡಿ. ಎತ್ತಿದರೆ ಹೋಗುವುದೇನು? ಒಂದು ಬಸ್ಸಿನ ದಾರಿ, ಒಂದು ಕ್ಯಾರಿಯರು ಸಾರು.